ಕರಿಕಲ್ಲು ಗುಡ್ಡದ ಹಲ್ಲಿಯ ಎರಡು ಸಾಕ್ಷಿ

ನಿವೃತ್ತಳಾದ ಮೇಲೂ ನಾನು ಆಗಾಗ ಹಳೆಯ ಸಂಸ್ಥೆಗೆ ಹೋಗುತ್ತೇನೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕಾಫಿ ಕುಡಿಯುತ್ತ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಮೇಡಂ, ನಿಮ್ಮ ಕಾಲದಲ್ಲಿ ಯಾವ ಮೆಷೀನ್ ಇತ್ತು?" ಹೆಸರು ಹೇಳಿದರೆ ನಗುತ್ತಾರೆ. ನಗಲಿ. ಈ ಕೆಲಸದಲ್ಲಿ ನನ್ನನ್ನು ಹೈರಾಣು ಮಾಡಿದ್ದು ಬೆರಳುದ್ದದ ಒಂದು ಬಂಡೆಹಲ್ಲಿ. ಅದರ ಒಂದೇ ಮೈಯೊಳಗಿನ ಎರಡು ಬಗೆಯ ಡಿಎನ್‌ಎ ಎರಡು ಬೇರೆ ಬೇರೆ ಕಥೆ ಹೇಳಿದವು. ಯಾವುದನ್ನು ಎಷ್ಟು ನಂಬಬೇಕೆಂದು ಗೊತ್ತಾಗುವ ಹೊತ್ತಿಗೆ ನನ್ನ ತಲೆ ನರೆತಿತ್ತು, ಅರ್ಧ ಗುಡ್ಡ ಲಾರಿ ಹತ್ತಿ ಹೋಗಿತ್ತು. ಈ ಕೆಲಸಕ್ಕೆ ಬರುವವರಿಗೆ ಅದೊಂದನ್ನು ಹೇಳಿದರೆ ಸಾಕು ಅನ್ನಿಸುತ್ತದೆ.

ನಾನು ಕೆರಗೋಡಿನವಳು. ಭತ್ತ, ಕಬ್ಬಿನ ಮನೆ. ದಿನಾ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ ಬಂದು ಪ್ರಾಣಿಶಾಸ್ತ್ರ ಓದಿದೆ. ಆಮೇಲೆ ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ನಮ್ಮ ಸೀಮೆಯ ಕಲ್ಲುಗುಡ್ಡಗಳಲ್ಲಿರುವ ಹಲ್ಲಿಗಳಲ್ಲಿ ಯಾವುದು ಯಾವುದಕ್ಕೆ ನೆಂಟ, ಯಾವ ಕಾಲಕ್ಕೆ ಕವಲೊಡೆದವು ಎಂದು ಕಂಡುಹಿಡಿಯುವುದು ನಮ್ಮ ಗುಂಪಿನ ಕೆಲಸ. ಇದನ್ನು ಮನೆಯಲ್ಲಿ ಹೇಳಿದ ದಿನ ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅದು ಮೈ ಮ್ಯಾಲೆ ಬಿದ್ರೆ ತಲೆಗ್ ನೀರುಯ್ಕಳೋ ಮನೆ ಕಣವ್ವ ನಮ್ದು. ನೀನು ಸಂಬ್ಳ ಇಸ್ಕಂಡು ಅದ್ನ ಹಿಡಿಯಕ್ಕೆ ಓಯ್ತೀನಿ ಅಂತೀಯಲ್ಲ!"

"ಹಿಡಿದು ಬಿಟ್ಬಿಡ್ತೀವಿ ಕಣವ್ವ. ಬಾಲದ ತುದಿ ಚೂರು ಸಾಕು."

"ಬಾಲಕ್ಕೂ ಸಂಬ್ಳ ಕೊಡ್ತಾರಾ?" ಅಂದವಳೇ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಆ ವಿಷಯ ಅವಳ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಗುಂಪಿನ ಮುಖ್ಯಸ್ಥರು ನರಹರಿ ಸರ್. ಕರಾವಳಿಯವರು. ಹಲ್ಲಿಯ ಮೈಮೇಲಿನ ಹುರುಪೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿ ಇದು ಇಂಥ ಪ್ರಭೇದ ಎಂದು ಹೇಳುವುದರಲ್ಲಿ ಪಳಗಿದವರು. ಅವರ ಜೊತೆ ಮೊದಲ ಸಲ ಮದ್ದೂರಿನ ಕಡೆ ಹೋದಾಗ, ನಮ್ಮ ಕೊರಳಲ್ಲಿದ್ದ ದುರ್ಬೀನು ನೋಡಿ ಕಂಡಕ್ಟರು ಕೇಳದೆಯೇ ಕೊಕ್ಕರೆ ಬೆಳ್ಳೂರಿಗೆ ಟಿಕೆಟ್ ಹರಿಯಲು ಹೊರಟ. ನಾವು ಇಳಿಯುವುದು ಹಾದಿಯಲ್ಲಿ ಸಿಗುವ ಕಲ್ಲುಗುಡ್ಡದ ಹತ್ತಿರ ಅಂದಾಗ "ಅಲ್ಲೇನದೆ ಮಣ್ಣು?" ಅಂದ.

ಗುಡ್ಡದ ಬುಡದಲ್ಲಿ ಕುರಿ ಕಾಯುತ್ತಿದ್ದ ಅಜ್ಜನನ್ನು ಸರ್ ವಿಚಾರಿಸಿದರು, ಇಲ್ಲಿ ಬಂಡೆಯಲ್ಲಿ ಹಲ್ಲಿಗಳು ಇವೆಯೇ ಎಂದು. ನಮ್ಮ ಕಡೆ ಮಾತಿನಲ್ಲಿ 'ಹ' ಉದುರಿಹೋಗುತ್ತದೆ ಎಂಬುದು ಅವರಿಗೆ ಆಗಿನ್ನೂ ಅಭ್ಯಾಸವಾಗಿರಲಿಲ್ಲ.

"ಅಲ್ಲಿ ಅವೆ ಸ್ವಾಮಿ, ಬೇಕಾದಂಗವೆ."

"ಎಲ್ಲಿ?"

"ಸಂದೀಲಿ. ಅಲ್ಲಿ ಅವೆ."

"ಅದೇ, ಎಲ್ಲಿ? ಯಾವ ಬಂಡೆ?"

ಅಜ್ಜನಿಗೆ ಸಿಟ್ಟು ಬಂತು. "ಅಯ್ಯೋ, ಲೊಚಲೊಚ ಅನ್ನಲ್ವಾ ಸ್ವಾಮಿ, ಗ್ವಾಡೆ ಮ್ಯಾಲೆ, ಅದೇ ಅಲ್ಲಿ!" ನಾನು ನಗು ತಡೆಯಲಾಗದೆ ಬಂಡೆಯ ಹಿಂದೆ ಹೋದೆ.

ಬೆಳಗಿನ ಬಿಸಿಲು ಬಂಡೆಗೆ ಬಿದ್ದ ಮೇಲೆ ಈ ಹಲ್ಲಿಗಳು ಸಂದಿನಿಂದ ಹೊರಗೆ ಬರುತ್ತವೆ, ಬಂಡೆ ಕಾದರೆ ಮತ್ತೆ ಒಳಗೆ. ನಡುವಿನ ಹೊತ್ತೇ ನಮ್ಮ ಕಚೇರಿ ಸಮಯ. ಬಿದಿರುಕಡ್ಡಿಯ ತುದಿಗೆ ನೈಲಾನ್ ದಾರದ ಕುಣಿಕೆ ಕಟ್ಟಿ, ಉಸಿರು ಬಿಗಿಹಿಡಿದು ಹಲ್ಲಿಯ ಕತ್ತಿಗೆ ಹಾಕಬೇಕು. ಬಾಲದ ತುದಿ ಕತ್ತರಿಸಿ ಸ್ಪಿರಿಟ್ ಸೀಸೆಗೆ ಹಾಕಿ, ಹಿಡಿದ ಬಂಡೆಯ ಮೇಲೆಯೇ ಹಲ್ಲಿಯನ್ನು ಬಿಡಬೇಕು. ಅರಣ್ಯ ಇಲಾಖೆಯ ಅನುಮತಿ ಇದ್ದದ್ದು ಅಷ್ಟಕ್ಕೇ. ಬಾಲ ಮತ್ತೆ ಬೆಳೆಯುತ್ತದೆ. ನಮ್ಮ ಮೊಣಕಾಲ ಚಿಪ್ಪು ಬೆಳೆಯುವುದಿಲ್ಲ, ಅದನ್ನು ಯಾರೂ ಮೊದಲೇ ಹೇಳಲಿಲ್ಲ.

ಆ ಸುತ್ತಾಟದಲ್ಲಿ ಸೀಸೆಯೊಳಗಿನ ಚೀಟಿಗಳನ್ನೆಲ್ಲ ಬಾಲ್‌ಪೆನ್ನಿನಲ್ಲಿ ಬರೆದಿದ್ದೆವು. ಮೈಸೂರಿಗೆ ಬಂದು ತೆಗೆದು ನೋಡಿದರೆ ಸ್ಪಿರಿಟ್ಟಿಗೆ ಶಾಯಿ ಕರಗಿ, ಚೀಟಿಗಳು ಬಿಳಿ, ಬಾಲಗಳು ನೀಲಿ. ನರಹರಿ ಸರ್ ಎಲ್ಲವನ್ನೂ ಚೆಲ್ಲಿ ಅಂದರು.

"ಸರ್, ಮದ್ದೂರಿನವು ಯಾವುವು ಅಂತ ಒಂದು ಅಂದಾಜು ಮಾಡಬಹುದು," ಅಂದೆ.

"ಅಂದಾಜು ಮಾಡುವುದಾದರೆ ಗುಡ್ಡ ಹತ್ತಿದ್ದು ಎಂತಕ್ಕೆ ಮಾರಾಯ್ತಿ? ಇಲ್ಲೇ ಫ್ಯಾನಿನ ಕೆಳಗೆ ಕೂತು ಮಾಡಬಹುದಿತ್ತಲ್ಲ."

ಎಲ್ಲ ಗುಡ್ಡಗಳನ್ನೂ ಮತ್ತೆ ಹತ್ತಿದೆವು. ಅವತ್ತಿನಿಂದ ಇವತ್ತಿನವರೆಗೆ ನನ್ನ ಕೈಚೀಲದಲ್ಲಿ ಸೀಸದಕಡ್ಡಿಯೇ ಇರುವುದು.

ಈಗ ಎರಡು ಡಿಎನ್‌ಎ ಅಂದರೇನು ಎಂದು ಹೇಳಿಬಿಡುತ್ತೇನೆ. ಪ್ರತಿ ಜೀವಕೋಶದ ನಡುವೆ ಕೋಶಕೇಂದ್ರ ಇರುತ್ತದೆ. ಅದರೊಳಗಿನ ಡಿಎನ್‌ಎ ಅರ್ಧ ಅಪ್ಪನದು, ಅರ್ಧ ಅಮ್ಮನದು. ಕೋಶಕೇಂದ್ರದ ಹೊರಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಪುಟ್ಟ ಅಂಗಗಳಿವೆ, ಜೀವಕೋಶಕ್ಕೆ ಬೇಕಾದ ಶಕ್ತಿ ತಯಾರಿಸುವುದು ಅವೇ. ಅವಕ್ಕೆ ತಮ್ಮದೇ ಆದ ಚಿಕ್ಕ ಡಿಎನ್‌ಎ ಇದೆ, ಅದು ಅಮ್ಮನಿಂದ ಮಾತ್ರ ಬರುತ್ತದೆ. ಅಜ್ಜಿ, ಮುತ್ತಜ್ಜಿ, ಅವಳ ಅಮ್ಮ, ಹೀಗೆ ಹೆಣ್ಣಿನ ಸಾಲಿನಲ್ಲೇ ಹಿಂದಕ್ಕೆ ಹೋಗುತ್ತದೆ. ಒಂದು ಕೋಶದಲ್ಲಿ ಅದರ ಪ್ರತಿಗಳು ಬಹಳ, ಬೇಗ ಸಿಗುತ್ತದೆ, ಬೇಗ ಬದಲಾಗುವುದರಿಂದ ಹತ್ತಿರದ ನೆಂಟರ ನಡುವಿನ ವ್ಯತ್ಯಾಸವೂ ಕಾಣುತ್ತದೆ. ಹಾಗಾಗಿ ನಾವು ಶುರು ಮಾಡಿದ ಕಾಲದಲ್ಲಿ ಎಲ್ಲರೂ ಮೈಟೊಕಾಂಡ್ರಿಯದ ಒಂದೆರಡು ಜೀನ್ ಓದಿ ವಂಶವೃಕ್ಷ ಬರೆದುಬಿಡುತ್ತಿದ್ದರು. ನಾವೂ ಅದನ್ನೇ ಮಾಡಿದೆವು.

ಮಂಡ್ಯದ ಸುತ್ತಲಿನ ಹಲ್ಲಿಗಳು, ಮದ್ದೂರಿನವು, ಎಲ್ಲ ಒಂದೇ ಕೊಂಬೆಯಲ್ಲಿ ಬಂದು ಕೂತವು. ಮಳವಳ್ಳಿಯಿಂದ ಆಚೆ ಕರಿಕಲ್ಲು ಗುಡ್ಡ ಅಂತ ಒಂದಿದೆ, ಆನೆಗಳು ಒತ್ತೊತ್ತಾಗಿ ಮಲಗಿದ ಹಾಗೆ ಕಾಣುವ ಕಪ್ಪು ಬಂಡೆಗಳ ಗುಡ್ಡ. ಅಲ್ಲಿನ ಹಲ್ಲಿಗಳು ಮಾತ್ರ ದೂರ ಹೋಗಿ ಬೇರೆ ಕೊಂಬೆಯಲ್ಲಿ ಕೂತಿದ್ದವು. ಅವುಗಳಿಗೆ ಹತ್ತಿರದ ನೆಂಟರು ಕಾವೇರಿಯಾಚೆ ದಕ್ಷಿಣದ ಬೆಟ್ಟಗಳ ಹಲ್ಲಿಗಳು, ಅವೂ ಅಷ್ಟೇನೂ ಹತ್ತಿರವಲ್ಲ.

ನರಹರಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಸಾಧ್ಯವಿಲ್ಲ. ಕರಿಕಲ್ಲಿನ ಹಲ್ಲಿಗೂ ಮದ್ದೂರಿನ ಹಲ್ಲಿಗೂ ಒಂದು ಹುರುಪೆಯ ವ್ಯತ್ಯಾಸ ಇಲ್ಲ. ನಾನೇ ಎಣಿಸಿದ್ದೇನೆ. ಸೀಸೆ ಅದಲುಬದಲಾಗಿದೆ."

"ಆಗಿಲ್ಲ ಸರ್."

"ಆಗಿಲ್ಲ ಅಂತ ಬಾಯಲ್ಲಿ ಹೇಳಬೇಡಿ. ತೋರಿಸಿ."

ತೋರಿಸಲು ಮತ್ತೆ ಮಳವಳ್ಳಿ ಬಸ್ಸು ಹತ್ತಿದೆ. ಗುಡ್ಡದ ಪೂರ್ವದ ಮಗ್ಗುಲಿನಿಂದ, ಪಶ್ಚಿಮದ ಮಗ್ಗುಲಿನಿಂದ, ನೆತ್ತಿಯಿಂದ ಹೊಸದಾಗಿ ಬಾಲಗಳನ್ನು ತಂದೆ. ಬೇರೆ ಕೋಣೆಯಲ್ಲಿ, ಬೇರೆ ರಾಸಾಯನಿಕಗಳಿಂದ ಮೊದಲಿನಿಂದ ಮಾಡಿದೆ. ಮೈಟೊಕಾಂಡ್ರಿಯದ ಹಳೆಯ ತುಣುಕೊಂದು ಕೋಶಕೇಂದ್ರದೊಳಗೆ ಸೇರಿಕೊಂಡು ಮೋಸ ಮಾಡುವುದುಂಟು, ಅದನ್ನೂ ಪರೀಕ್ಷಿಸಿದೆ. ಎಷ್ಟು ಸಲ ಮಾಡಿದರೂ ಅದೇ ಉತ್ತರ. ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಎರಡು ಸಾಕ್ಷಿ ಹೊಂದದಿದ್ದರೆ ಮೊದಲು ನಿಮ್ಮ ಕೈಯನ್ನು ಅನುಮಾನಿಸಿ. ಕೈ ಶುದ್ಧವಿದೆ ಎಂದು ಖಾತ್ರಿಯಾದ ಮೇಲೆ ಯಾರು ಎಷ್ಟು ದೊಡ್ಡ ದನಿಯಲ್ಲಿ ಹೇಳಿದರೂ ಹಿಂದೆ ಸರಿಯಬೇಡಿ.

ಸರ್ ಕೊನೆಗೆ ಒಪ್ಪಿದರು, ಅರ್ಧ ಮಾತ್ರ. "ಜೀನ್ ಸರಿ ಇರಬಹುದು. ನೀವು ಅದಕ್ಕೆ ಹೇಳುತ್ತಿರುವ ಅರ್ಥ ಸರಿಯಾ ಅಂತ ನನಗೆ ಗೊತ್ತಿಲ್ಲ." ಸ್ವಲ್ಪ ಕಾಲದಲ್ಲೇ ಅವರು ನಿವೃತ್ತರಾದರು.

ಅವರ ಜಾಗಕ್ಕೆ ವಸುಧಾ ಮೇಡಂ ಬಂದರು. ನನಗಿಂತ ಚಿಕ್ಕವರು, ಚುರುಕು, ಏನನ್ನೂ ನಾಳೆಗೆ ಇಡುವವರಲ್ಲ. ನನ್ನ ವಂಶವೃಕ್ಷ ನೋಡಿದ ಕೂಡಲೇ "ಸುಶೀಲಾ, ಇದು ಹೊಸ ಪ್ರಭೇದ! ಇಷ್ಟು ದಿನ ಯಾಕೆ ಇಟ್ಟುಕೊಂಡು ಕೂತಿದ್ದೀರಿ?" ಅಂದರು. ಮಳವಳ್ಳಿಯ ಕಾಲೇಜೊಂದರಲ್ಲಿ ಭಾಷಣ ಮಾಡುವಾಗ ಕರಿಕಲ್ಲು ಗುಡ್ಡದಲ್ಲಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಲ್ಲಿ ಇದೆ ಎಂದು ಹೇಳಿಯೂ ಬಿಟ್ಟರು. ಮಾತು ಗುಡ್ಡದ ಬುಡದ ಹಳ್ಳಿಗೆ ಹೋಗಿ ಮುಟ್ಟಿತು.

ಒಂದು ವಾರಕ್ಕೆ ಸಿದ್ದೇಗೌಡರು ಸಂಸ್ಥೆಯ ಗೇಟಿಗೆ ಬಂದರು. ಆ ಹಳ್ಳಿಯ ಪಂಚಾಯ್ತಿ ಸದಸ್ಯರು, ಕಬ್ಬು ಬೆಳೆಯುವವರು. ನಾನು ಗುಡ್ಡಕ್ಕೆ ಹೋದಾಗಲೆಲ್ಲ ಅವರ ಮನೆಯಲ್ಲೇ ಮಜ್ಜಿಗೆ ಕುಡಿದು ಚೀಲ ಇಟ್ಟು ಹೋಗುತ್ತಿದ್ದವಳು. ಕುರ್ಚಿಯ ತುದಿಯಲ್ಲಿ ಕೂತು ವಿಷಯ ಹೇಳಿದರು. ಯಾರೋ ಗುತ್ತಿಗೆದಾರ ಕರಿಕಲ್ಲು ಗುಡ್ಡಕ್ಕೆ ಕಲ್ಲುಗಣಿ ಅರ್ಜಿ ಹಾಕಿದ್ದಾನೆ. ಗುಡ್ಡದ ಪಕ್ಕದಲ್ಲೇ ಸ್ಕೂಲಿದೆ. ಮಳೆ ಬಂದರೆ ಬಂಡೆಯ ಮೇಲಿನ ನೀರೆಲ್ಲ ಹಳ್ಳದಲ್ಲಿ ಇಳಿದು ಊರ ಕಟ್ಟೆಗೆ ಬರುತ್ತದೆ.

"ನಾವು ಎಷ್ಟು ಬಡ್ಕಂಡ್ರೂ ಯಾರೂ ಕಿವೀಗಾಕ್ಕಳ್ಳಿಲ್ಲ ಮೇಡಮ್ಮ. ಈಗ ನಿಮ್ಮ ಅಲ್ಲಿ ಬಂತಲ್ಲ, ದೇವ್ರು ಬಂದಂಗಾಯ್ತು. ಬ್ಯಾರೆ ಜಾತಿ ಅಂತ ಒಂದು ಕಾಗ್ದ ಬರ್ಕೊಟ್ಬುಡಿ. ಗುಡ್ಡ ಉಳ್ಕತದೆ."

ವಸುಧಾ ಮೇಡಂ ಕಣ್ಣರಳಿಸಿ "ಖಂಡಿತ ಕೊಡ್ತೀವಿ" ಅಂದರು. ನಾನು ಕಾಫಿ ತರಿಸುವ ನೆಪದಲ್ಲಿ ಎದ್ದೆ. ಯಾಕೆಂದರೆ ಕೋಶಕೇಂದ್ರದ ಜೀನ್‌ಗಳನ್ನೂ ಓದಿ ನೋಡದೆ ಪ್ರಕಟಿಸುವುದು ಬೇಡ ಎಂದು ಹಟ ಹಿಡಿದಿದ್ದವಳು ನಾನೇ. ಆ ಕೆಲಸ ಅರ್ಧಕ್ಕೆ ಬಂದಿತ್ತು, ಮೊದಲ ಜೀನಿನ ಉತ್ತರ ಆಗಲೇ ಬಂದಿತ್ತು.

ಅದು ಕರಿಕಲ್ಲಿನ ಹಲ್ಲಿಯನ್ನು ಮದ್ದೂರಿನ ಹಲ್ಲಿಯ ಪಕ್ಕದಲ್ಲೇ ತಂದು ಕೂರಿಸಿತ್ತು. ಒಂದು ಜೀನ್ ತಾನೇ, ಹೆಚ್ಚುಕಡಿಮೆ ಇರಬಹುದು ಅಂದುಕೊಂಡೆ. ಎರಡನೆಯದೂ ಹಾಗೇ ಹೇಳಿತು. ಮೂರನೆಯದು ಬಂದ ದಿನ ನಾನು ಕಂಪ್ಯೂಟರ್ ಆರಿಸಿ ಹೊರಗೆ ಮರದ ಕೆಳಗೆ ಹೋಗಿ ಕೂತೆ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರುವ ಡಿಎನ್‌ಎ, ಇವೆಲ್ಲ ಒಂದೇ ಪ್ರಭೇದ ಅನ್ನುತ್ತಿದೆ. ಅಮ್ಮನ ಕಡೆಯಿಂದ ಮಾತ್ರ ಬರುವ ಡಿಎನ್‌ಎ ಅಲ್ಲ ಅನ್ನುತ್ತಿದೆ. ಅದೇ ಬಾಲ, ಅದೇ ಸೀಸೆ.

ನರಹರಿ ಸರ್ ಮನೆಗೆ ಹೋದೆ. ನಿಮ್ಮ ಹುರುಪೆ ಲೆಕ್ಕವೇ ಸರಿ ಸರ್ ಎಂದು ಹೇಳುವುದು ನನ್ನ ಕರ್ತವ್ಯ ಅನ್ನಿಸಿತ್ತು. ಅವರಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಅವರು ಪೂರ್ತಿ ಕೇಳಿ, ಸಿಡುಕಿದರು.

"ನಾನು ಗೆದ್ದೆ ಅಂತ ಹೇಳಲಿಕ್ಕೆ ಮೈಸೂರಿನ ಈ ಬಿಸಿಲಲ್ಲಿ ಬಂದಿರಾ? ಹಾಗಾದರೆ ಆ ಮೈಟೊಕಾಂಡ್ರಿಯ ಎಲ್ಲಿಂದ ಬಂತು? ಆಕಾಶದಿಂದ ಬಿತ್ತಾ? ಒಂದು ಸಾಕ್ಷಿ ಸರಿ ಅಂದಾಕ್ಷಣ ಇನ್ನೊಂದನ್ನು ಕಸಕ್ಕೆ ಹಾಕಬೇಡಿ. ಎರಡೂ ಸರಿಯಾಗಬೇಕಾದರೆ ಆ ಗುಡ್ಡದಲ್ಲಿ ಎಂತ ನಡೆದಿರಬೇಕು? ಅದನ್ನು ಹೇಳಿ."

ಆ ಪ್ರಶ್ನೆಯನ್ನು ಹೊತ್ತುಕೊಂಡು ಬಂದು ತಿಂಗಳುಗಟ್ಟಲೆ ಲೆಕ್ಕ ಹಾಕಿದೆ. ಹಳೆಯ ಕಾಲದ ವೈವಿಧ್ಯ ಆಕಸ್ಮಿಕವಾಗಿ ಅಲ್ಲಷ್ಟೇ ಉಳಿದಿರಬಹುದೇ ಎಂದು ನೋಡಿದೆ. ಅದಕ್ಕೆ ಆಧಾರ ಸಾಲಲಿಲ್ಲ. ಹೊಂದಿಕೊಂಡ ವಿವರಣೆ ಇದು. ಒಂದು ಕಾಲಕ್ಕೆ ಕರಿಕಲ್ಲು ಗುಡ್ಡದಲ್ಲಿ ಬೇರೆಯದೇ ಹಲ್ಲಿ ಇತ್ತು, ದಕ್ಷಿಣದ ಬೆಟ್ಟಗಳ ಕಡೆಯ ನೆಂಟ. ಆಮೇಲೆ ಉತ್ತರದಿಂದ ಮದ್ದೂರಿನ ಬಗೆಯ ಹಲ್ಲಿಗಳು ಬಂದು ಸೇರಿದವು. ಹಳೆಯ ಹೆಣ್ಣುಗಳು ಬಂದ ಗಂಡುಗಳ ಜೊತೆ ಕೂಡಿದವು, ಅವುಗಳ ಹೆಣ್ಣುಮಕ್ಕಳೂ ಹಾಗೆಯೇ, ಮೊಮ್ಮಕ್ಕಳೂ ಹಾಗೆಯೇ. ಪ್ರತಿ ತಲೆಮಾರಿಗೂ ಹಳೆಯ ಹಲ್ಲಿಯ ಕೋಶಕೇಂದ್ರದ ಪಾಲು ಅರ್ಧಕ್ಕರ್ಧ ಕರಗುತ್ತ ಹೋಯಿತು. ತಾಯಿಯಿಂದ ಮಗಳಿಗೆ ಹೋಗುವ ಮೈಟೊಕಾಂಡ್ರಿಯ ಮಾತ್ರ ಕರಗಲಿಲ್ಲ. ಹಳೆಯ ಹಲ್ಲಿ ಹೋಯಿತು, ಅದರ ತಾಯಿಸಾಲು ಹೊಸ ಹಲ್ಲಿಯ ಮೈಯಲ್ಲಿ ಉಳಿಯಿತು.

ವಸುಧಾ ಮೇಡಂ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಹಾಳೆಗಳನ್ನು ಎರಡು ಸಲ ತಿರುವಿ ನೋಡಿದರು.

"ಸುಶೀಲಾ, ಒಂದು ಕೆಲಸ ಮಾಡೋಣ. ಮೈಟೊಕಾಂಡ್ರಿಯದ್ದನ್ನು ಈಗ ಪ್ರಕಟಿಸೋಣ. ಅದೇನೂ ಸುಳ್ಳಲ್ಲವಲ್ಲ. ಕೋಶಕೇಂದ್ರದ್ದನ್ನು ಗಣಿ ತೀರ್ಮಾನ ಆದ ಮೇಲೆ ಹಾಕೋಣ. ಗುಡ್ಡ ಉಳಿಯುತ್ತೆ."

"ಗೊತ್ತಿದ್ದೂ ಹೊಸ ಪ್ರಭೇದ ಅಂತ ಹೆಸರಿಡೋದಾ ಮೇಡಂ?"

"ಒಂದು ಊರು ಕಣ್ರೀ. ಸ್ಕೂಲಿನ ಪಕ್ಕ ಸಿಡಿಮದ್ದು ಸಿಡಿಸ್ತಾರೆ. ನಿಮಗೆ ಒಂದು ಕೊಂಬೆ ಹೆಚ್ಚಾ?"

ಅವರ ಮಾತಿನಲ್ಲಿ ಸ್ವಾರ್ಥವಿರಲಿಲ್ಲ. ಆ ಊರಿನ ಸಂಕಟ ಅವರಿಗೆ ನಿಜವಾಗಿ ಮುಟ್ಟಿತ್ತು, ನನಗೂ ಮುಟ್ಟಿತ್ತು. ಆ ಸ್ಕೂಲಿನ ಮಕ್ಕಳು ನನ್ನನ್ನು ಕಂಡರೆ "ಅಲ್ಲಿ ಮೇಡಮ್ಮ ಬಂದ್ರು" ಎಂದು ಓಡಿಬರುತ್ತಿದ್ದವು. ಆದರೂ ನನ್ನ ಕೈ ಒಪ್ಪಲಿಲ್ಲ. "ನಾವು ಅಡಗಿಸಿದ್ದನ್ನು ಗುತ್ತಿಗೆದಾರನ ಕಡೆಯವರು ಇನ್ಯಾವುದೋ ಲ್ಯಾಬಿನಲ್ಲಿ ಮಾಡಿಸ್ತಾರೆ ಮೇಡಂ. ಅವತ್ತು ಸುಳ್ಳುಗಾರರು ಅನ್ನಿಸಿಕೊಳ್ಳೋದು ನಾವಲ್ಲ, ಆ ಊರಿನವರು. ಸ್ಕೂಲು, ಕಟ್ಟೆ ಅಂತ ಅವರು ಹೇಳೋ ನಿಜವನ್ನೂ ಆಮೇಲೆ ಯಾರೂ ನಂಬಲ್ಲ. ಅದು ಇರಲಿ. ಇದು ಬೇರೆ ಪ್ರಭೇದ ಅಲ್ಲ, ಅದಕ್ಕೆ ನಾನು ಬರೆಯಲ್ಲ. ನನ್ನ ಹೆಸರು ತೆಗೆದು ಬರೆದರೆ ಎಲ್ಲ ಜೀನ್‌ಗಳನ್ನೂ ನಾನೇ ಬೇರೆಯಾಗಿ ಪ್ರಕಟಿಸ್ತೀನಿ."

ಮೇಡಂ ಸಿಟ್ಟಿನಿಂದ ಎದ್ದು ಹೋದರು. ಮರುದಿನ ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದು ನಿಂತರು. "ಎರಡೂ ಸೇರಿಸಿ ಬರೆಯಿರಿ. ನನ್ನ ಹೆಸರೂ ಇರಲಿ. ಆದರೆ ಊರಿಗೆ ಹೋಗಿ ಹೇಳೋದು ನೀವು. ನನ್ನ ಕೈಲಾಗಲ್ಲ."

ಕರಿಕಲ್ಲು ಗುಡ್ಡಕ್ಕೆ ಎಷ್ಟೋ ಸಲ ಹೋಗಿದ್ದೇನೆ, ಅವತ್ತಿನಷ್ಟು ಭಾರವಾದ ದಾರಿ ಇನ್ನೊಂದಿಲ್ಲ. ಸಿದ್ದೇಗೌಡರ ಮನೆಯ ಜಗಲಿಯ ಮೇಲೆ ಅವರೂ ಅವರ ತಾಯಿ ನಿಂಗಮ್ಮನವರೂ ಇದ್ದರು. ಮಜ್ಜಿಗೆ ಬರುವ ಮೊದಲೇ ಹೇಳಿಬಿಟ್ಟೆ, ಕುಡಿದು ಹೇಳುವ ಮುಖವಿರಲಿಲ್ಲ.

ಸಿದ್ದೇಗೌಡರ ಮುಖ ಕೆಂಪಗಾಯಿತು. "ಇದೇನ್ ಮೇಡಮ್ಮ ಇಂಗಂತೀರಿ! ಬ್ಯಾರೆ ಜಾತಿ ಅಂದೋರೂ ನೀವೇ, ಅಲ್ಲ ಅನ್ನೋರೂ ನೀವೇ. ಆ ಕಂಟ್ರಾಕ್ಟ್ರು ಏನಾದ್ರೂ ನಿಮ್ತಾವ ಬಂದಿದ್ನಾ?"

ಆ ಮಾತು ಚುಚ್ಚಿತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. "ಯಾರೂ ಬಂದಿಲ್ಲ ಗೌಡ್ರೇ. ಹಲ್ಲೀನೇ ಹಿಂಗೆ ಹೇಳ್ತಾ ಇದೆ," ಅಂದೆ. ನಿಂಗಮ್ಮ ಮಗನಿಗೆ "ಸುಮ್ಕಿರ್ಲಾ, ಪೂರ್ತಿ ಕೇಳನ" ಅಂದು ನನ್ನ ಕಡೆ ತಿರುಗಿದರು. "ನೀ ಯೋಳು ಕಣವ್ವ. ಅದೆಂಗೆ ಒಂದೇ ಮೈಯಾಗೆ ಎರಡಾಯ್ತದೆ?"

ಹಳೆಯ ಹೆಣ್ಣು ಹಲ್ಲಿಗಳು, ಬಂದು ಸೇರಿದ ಗಂಡುಗಳು, ತಲೆಮಾರಿನ ಮೇಲೆ ತಲೆಮಾರು, ಎಲ್ಲ ಹೇಳಿದೆ. ಅವರು ಬೆರಳಲ್ಲಿ ನೆಲದ ಮೇಲೆ ಗೀಟು ಎಳೆಯುತ್ತ ಕೇಳಿದರು.

"ಅಂದ್ರೆ ಬಣ್ಣ, ರೂಪು, ಎಲ್ಲಾ ಗಂಡುನ್ ಕಡೇದಾಗೋಯ್ತು. ತವರಿನ್ ಗುರ್ತು ಒಂದು ಒಳ್ಗೆ ಉಳ್ಕತು. ಅಷ್ಟೇ ತಾನೇ?"

"ಅಷ್ಟೇ ನಿಂಗಮ್ನೋರೆ. ಆ ತವರಿನ ಹಲ್ಲಿ ಈಗ ಎಲ್ಲೂ ಇಲ್ಲ. ಗುರುತು ಈ ಗುಡ್ಡದಲ್ಲಿ ಮಾತ್ರ ಇದೆ."

ಸಿದ್ದೇಗೌಡರು ಎದ್ದು ನಿಂತರು. "ತವರು ಗಿವರು ಅಂದ್ರೆ ಗಣಿ ಆಪೀಸ್ನೋರು ಕೇಳ್ತಾರೇನವ್ವ?"

"ಕೇಳಲ್ಲ," ಅಂದೆ. "ಅದಕ್ಕೆ ನಾನು ಸಭೆಗೆ ಬರ್ತೀನಿ. ಕೇಳಿದ್ದಕ್ಕೆ ಇದ್ದದ್ದನ್ನ ಹೇಳ್ತೀನಿ. ಸ್ಕೂಲು, ಕಟ್ಟೆ, ಹಳ್ಳ ಇವುಗಳ ಬಗ್ಗೆ ನೀವು ಗಟ್ಟಿಯಾಗಿ ನಿಲ್ಲಿ. ಹಲ್ಲಿ ಮೇಲೆ ಪೂರ್ತಿ ಭಾರ ಹಾಕಬೇಡಿ."

ಅವರು ಒಳಗೆ ಹೋದರು. ಮಜ್ಜಿಗೆ ಬರಲಿಲ್ಲ.

ಮಳವಳ್ಳಿಯಲ್ಲಿ ಅಹವಾಲು ಸಭೆ ನಡೆಯಿತು. ಗುತ್ತಿಗೆದಾರನ ವಕೀಲರು ನನ್ನನ್ನು ಕಂಡು ನಕ್ಕರು, ನಮ್ಮ ಲೇಖನ ಅಷ್ಟರಲ್ಲಿ ಪ್ರಕಟವಾಗಿ ವಿಷಯ ಅವರಿಗೆ ಗೊತ್ತಿತ್ತು. "ಮೇಡಂ, ಉದ್ದ ಬೇಡ. ಕರಿಕಲ್ಲು ಗುಡ್ಡದ ಹಲ್ಲಿ ಬೇರೆ ಪ್ರಭೇದವೋ ಅಲ್ಲವೋ?"

"ಅಲ್ಲ," ಅಂದೆ.

ಹಿಂದಿನ ಸಾಲುಗಳಲ್ಲಿ ಊರಿನವರು ಗೊಣಗಿಕೊಂಡದ್ದು ಕೇಳಿಸಿತು. ವಕೀಲರು ಕೂತರು. ನಾನು ಕೂರಲಿಲ್ಲ. "ನನ್ನ ಮಾತು ಮುಗಿದಿಲ್ಲ ಸರ್," ಎಂದು ಅಧಿಕಾರಿಗಳಿಗೆ ಹೇಳಿ ತಾಯಿಸಾಲಿನ ವಿಷಯವನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಿದೆ. ಅಧಿಕಾರಿಗಳು ತಾಳ್ಮೆಯಿಂದ ಕೇಳಿದರು, "ಕಾನೂನಿನಲ್ಲಿ ಇದಕ್ಕೆ ಜಾಗ ಇಲ್ಲ ಮೇಡಂ" ಎಂದೂ ಅಂದರು. ಆಮೇಲೆ ಸಿದ್ದೇಗೌಡರು ಎದ್ದು ಸ್ಕೂಲಿನ ಬಗ್ಗೆ, ಹಳ್ಳದ ಬಗ್ಗೆ ಮಾತಾಡಿದರು. ಸಿಟ್ಟಿನಿಂದಲೇ, ಆದರೆ ಒಂದೂ ಹೆಚ್ಚು ಮಾತಿಲ್ಲದೆ.

ತೀರ್ಮಾನ ಬಂತು. ಸ್ಕೂಲು, ಹಳ್ಳ ಇರುವ ಪೂರ್ವದ ಮಗ್ಗುಲು ಬಿಟ್ಟು ಪಶ್ಚಿಮದ ಅರ್ಧಕ್ಕೆ ಗಣಿ ಅನುಮತಿ. ನಾನು ಬೇರೆ ಮಾತು ಹೇಳಿದ್ದರೆ ಪೂರ್ತಿ ಗುಡ್ಡ ಉಳಿಯುತ್ತಿತ್ತೇ? ಗೊತ್ತಿಲ್ಲ. ಪಶ್ಚಿಮದ ಬಂಡೆಗಳು ಸಿಡಿಯುತ್ತಿದ್ದ ವರ್ಷಗಳಲ್ಲಿ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಡದಿದ್ದರೂ, ಮತ್ತೊಮ್ಮೆ ಕೇಳಿದರೆ ನನ್ನ ಉತ್ತರ ಅದೇ.

ಕೆಲಸ ನಿಲ್ಲಿಸಲಿಲ್ಲ. ಅಷ್ಟರಲ್ಲಿ ವಿಧಾನಗಳೇ ಬದಲಾದವು. ಮೊದಲು ಒಂದೊಂದು ಜೀನಿಗೂ ತಿಂಗಳುಗಟ್ಟಲೆ ತಿಣುಕುತ್ತಿದ್ದೆವು. ಈಗ ಕೋಶಕೇಂದ್ರದ ಡಿಎನ್‌ಎಯನ್ನು ಸಾವಿರಾರು ಕಡೆ ಒಂದೇ ಏಟಿಗೆ ಓದಬಹುದು. ಫ್ರೀಜರಿನಲ್ಲಿ ಇ‌ಟ್ಟಿದ್ದ ಹಳೆಯ ಬಾಲಗಳನ್ನು ತೆಗೆದೆ. ಪಶ್ಚಿಮದ ಮಗ್ಗುಲಿನ ಹಲ್ಲಿಗಳೆಂದರೆ ಆ ಸೀಸೆಗಳಲ್ಲಿ ಇದ್ದವಷ್ಟೇ, ಬಂಡೆಯೇ ಇರಲಿಲ್ಲ. ನನಗೆ ನಿವೃತ್ತಿ ಹತ್ತಿರ ಬಂದಿತ್ತು. "ಆರಾಮಾಗಿ ಮುಗಿಸಿ ಹೊರಡಿ, ಆ ಹಲ್ಲಿ ಕಥೆ ಬರೆದಾಗಿದೆಯಲ್ಲ," ಅಂದವರಿದ್ದರು. ವಸುಧಾ ಮೇಡಂ ಹಾಗೆ ಅನ್ನಲಿಲ್ಲ. ನನಗಾಗಿ ಹೊಸ ಮೆಷೀನಿನಲ್ಲಿ ಜಾಗ ಮಾಡಿಸಿಕೊಟ್ಟರು.

ನೋಡಿದರೆ ಎಲ್ಲ ಕಡೆಯೂ ಮದ್ದೂರಿನ ಹಲ್ಲಿಯೇ, ಕೆಲವೇ ಕೆಲವು ಜಾಗಗಳನ್ನು ಬಿಟ್ಟು. ಆ ಕೆಲವು ಜೀನ್‌ಗಳು ದಕ್ಷಿಣದ ಬಗೆಯವು. ಅವು ಯಾವುವು ಎಂದು ಹುಡುಕಿದೆ. ಕೋಶಕೇಂದ್ರದಲ್ಲಿದ್ದುಕೊಂಡೇ ಮೈಟೊಕಾಂಡ್ರಿಯಕ್ಕೆ ಬೇಕಾದ ಪ್ರೋಟೀನು ತಯಾರಿಸಿ ಕೊಡುವ ಜೀನ್‌ಗಳು ಅವು. ತಾಯಿಸಾಲಿನ ಮೈಟೊಕಾಂಡ್ರಿಯ ಉಳಿದಾಗ, ಅದರ ಜೊತೆ ಕೆಲಸ ಮಾಡಬಲ್ಲ ಹಳೆಯ ಜೀನ್‌ಗಳೂ ಉಳಿದುಕೊಂಡಿದ್ದವು. ಹೊಂದದ ಜೋಡಿ ಇದ್ದ ಮರಿಗಳು ಬಲಹೀನವಾಗಿ ಬದುಕಿರಲಿಕ್ಕಿಲ್ಲ. 'ಇರಲಿಕ್ಕಿಲ್ಲ' ಎಂದೇ ಬರೆದೆವು, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಬರೆಯಲಿಲ್ಲ. ಎರಡು ಸಾಕ್ಷಿಗಳೂ ನಿಜವನ್ನೇ ಹೇಳುತ್ತಿದ್ದವು. ನರಹರಿ ಸರ್‌ಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು "ಈಗ ಒಪ್ಪಬಹುದು ನೋಡಿ" ಅಂದರು.

ನಿವೃತ್ತಳಾದ ಮೇಲೆ ಒಂದು ದಿನ ಸಿದ್ದೇಗೌಡರ ಫೋನು ಬಂತು. ಅಹವಾಲು ಸಭೆಯ ನಂತರ ನಾವು ಅಷ್ಟಾಗಿ ಮಾತಾಡಿರಲಿಲ್ಲ. ಗುತ್ತಿಗೆದಾರ ಈಗ ಪೂರ್ವದ ಮಗ್ಗುಲಿಗೂ ಅರ್ಜಿ ಹಾಕಿದ್ದ.

"ಬತ್ತೀರಾ ಮೇಡಮ್ಮ?"

"ಬರ್ತೀನಿ. ಬೇರೆ ಜಾತಿ ಅನ್ನಲ್ಲ ಮತ್ತೆ."

"ಗೊತ್ತು ಬುಡಿ. ಅದುಕ್ಕೇ ಕರೀತಿರೋದು."

ಸಭೆಗೆ ಹೋಗುವ ಮೊದಲು ಹೊಸ ಫಲಿತಾಂಶವನ್ನು ಅವರ ಜಗಲಿಯ ಮೇಲೆ ಕೂತು ವಿವರಿಸಿದೆ. ಅವರು ಬೋರ್‌ವೆಲ್ ಮೋಟಾರು ಬಿಚ್ಚಿ ಜೋಡಿಸುವ ಮನುಷ್ಯ, ತಟ್ಟನೆ ಹಿಡಿದರು. "ಮೋಟ್ರು ಹಳೇ ಕಂಪ್ನೀದು. ಮೈಯೆಲ್ಲಾ ಹೊಸಾದು ಹಾಕುದ್ರೂ ಮೋಟ್ರೊಳಗಿನ ಸಾಮಾನು ಆ ಕಂಪ್ನೀದೇ ಬೇಕು, ಇಲ್ದಿದ್ರೆ ಸುಟ್ಟೋಯ್ತದೆ." ಈ ಸಲ ಮಜ್ಜಿಗೆ ಬಂತು. ಒಗ್ಗರಣೆ ಹಾಕಿದ ಮಜ್ಜಿಗೆ.

ಸಭೆಯಲ್ಲಿ ವಕೀಲರು ಬೇರೆ, ಪ್ರಶ್ನೆ ಅದೇ. ನನ್ನ ಉತ್ತರವೂ ಅದೇ: "ಅಲ್ಲ." ಈ ಸಲ ಹಿಂದೆ ಯಾರೂ ಗೊಣಗಲಿಲ್ಲ. ಆಮೇಲೆ ಗೊತ್ತಾದದ್ದನ್ನೂ ಹೇಳಿದೆ. ಪಶ್ಚಿಮದ ಅರ್ಧದಲ್ಲಿ ಏನೇನಿತ್ತು, ಪೂರ್ವ ಹೋದರೆ ಏನು ಉಳಿಯುವುದಿಲ್ಲ ಎಂದು. ಹೊಸ ಅಧಿಕಾರಿ ಎರಡು ಪ್ರಶ್ನೆ ಕೇಳಿ ಬರೆದುಕೊಂಡರು.

ಆದೇಶ ಬಂದದ್ದು ಮಳೆ ಶುರುವಾದ ಮೇಲೆ. ಪೂರ್ವದ ಮಗ್ಗುಲಿಗೆ ಅನುಮತಿ ಇಲ್ಲ. ಕಾರಣ ಸ್ಕೂಲು, ಹಳ್ಳ, ಕಟ್ಟೆಯ ನೀರು. ಇವುಗಳನ್ನು ಪುಟಗಟ್ಟಲೆ ವಿವರಿಸಿದ ಮೇಲೆ ಕೊನೆಯಲ್ಲಿ, ಈ ಗುಡ್ಡದ ಹಲ್ಲಿಗಳಲ್ಲಿ ಬೇರೆಡೆ ಕಾಣದ ತಾಯಿಸಾಲು ಇರುವುದನ್ನೂ ಗಮನಿಸಲಾಗಿದೆ ಎಂದು ಒಂದು ಸಾಲು.

ಸಿದ್ದೇಗೌಡರು ಅದನ್ನು ನನಗೆ ಓದಿ ಹೇಳಿ, ಕಾಗದ ತಿರುಗಿಸಿ ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದರು. "ಇಷ್ಟ್ ವರ್ಸ ಬಂಡೆ ಮ್ಯಾಲೆ ತಿರುಗುದ್ರಲ್ಲ ಮೇಡಮ್ಮ. ಕೊನೀಗೆ ಒಂದೇ ಸಾಲಾ?"

"ಆ ಸಾಲನ್ನ ಯಾರಾದ್ರೂ ಸುಳ್ಳು ಅನ್ನೋಕಾಗುತ್ತಾ, ಹೇಳಿ ಗೌಡ್ರೇ."

ಅವರು ಮತ್ತೊಮ್ಮೆ ನಿಧಾನವಾಗಿ ಓದಿದರು. "ಊಂಹೂ. ಯಾವ ಲಾಯ್ರು ಬಂದ್ರೂ ಆಗಕ್ಕಿಲ್ಲ," ಅಂದರು. ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡು, ನನ್ನನ್ನು ಬಸ್ಸಿಗೆ ಬಿಡಲು ಸ್ಕೂಟರ್ ತೆಗೆದರು.